ಹೆಬ್ಬೆರಳಿನ ಗೆರೆ ಮರಳಿ ಬರುವವರೆಗೆ

ಡಾಕ್ಟರರು ಬಿಳಿ ಹಾಳೆಯ ಮೇಲೆ ಎರಡು ಗೇರುಬೀಜ ಬರೆದು, ಒಂದೊಂದರಿಂದ ಕೆಳಕ್ಕೆ ಒಂದೊಂದು ಪೈಪು ಎಳೆದರು. ಎಡಗಡೆಯ ಪೈಪು ಶುರುವಾಗುವ ಜಾಗದಲ್ಲಿ ಪೆನ್ನಿನ ತುದಿ ಒತ್ತಿ ಒಂದು ಚುಕ್ಕೆ ಇಟ್ಟರು. "ಇಲ್ಲಿ ಸಣ್ಣದಾಗಿದೆ. ಮೂತ್ರ ಕೆಳಗೆ ಇಳಿಯುತ್ತಿಲ್ಲ. ಮೇಲೆ ನಿಂತು ನಿಂತು ಕಿಡ್ನಿ ಉಬ್ಬಿದೆ."

ನಾನು ನೆಲಕ್ಕೆ ಲಾದಿ, ಅಂದರೆ ಟೈಲ್ಸ್, ಕೂರಿಸುವವನು. ಊರಲ್ಲಿ ಫರಸಿ ಅನ್ನುತ್ತೇವೆ, ಮುಂಬಯಿಯಲ್ಲಿ ಲಾದಿ. ಬಾತ್‌ರೂಮಿನ ನೆಲಕ್ಕೆ ಇಳಿಜಾರು ಸರಿಯಾಗಿ ಕೊಡದಿದ್ದರೆ ನೀರು ಎಲ್ಲಿ ನಿಲ್ಲುತ್ತದೆ, ನಿಂತ ನೀರು ಕೆಳಗಿನ ಸ್ಲ್ಯಾಬನ್ನು ಹೇಗೆ ತಿಂದುಹಾಕುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. "ಎಷ್ಟು ದಿನ ತಡೆಯುತ್ತದೆ, ಸಾಹೇಬರೆ?" ಎಂದಷ್ಟೇ ಕೇಳಿದೆ.

"ಎಡಗಡೆಯದು ಈಗಲೇ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ. ದೀಪಾವಳಿ ದಾಟಿಸಬೇಡಿ."

ಅದು ಗಣಪತಿ ಹಬ್ಬದ ಹಿಂದಿನ ವಾರ. ಮಗಳಿಗೆ ಆರು ವರ್ಷ. ಹೆಚ್ಚು ನೀರು ಕುಡಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ನಾವು ಜಂತುಹುಳ ಎಂದುಕೊಂಡು ಒಂದು ವರ್ಷ ಓಮದ ನೀರು ಕುಡಿಸಿದ್ದೆವು.

ಮುನ್ಸಿಪಾಲ್ಟಿಯ ಆಸ್ಪತ್ರೆಯಲ್ಲಿ ಮಕ್ಕಳ ಆಪರೇಷನ್ನಿನ ಪಾಳಿ ಬರುವ ಹೊತ್ತಿಗೆ ಹೊಸ ವರ್ಷ ಬಂದಿರುತ್ತಿತ್ತು. ಅದೇ ಡಾಕ್ಟರರು ಬೈಕುಲ್ಲಾ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲೂ ವಾರಕ್ಕೆ ಎರಡು ದಿನ ಕೆಲಸ ಮಾಡುತ್ತಿದ್ದರು. "ಅಲ್ಲಿ ಸರ್ಕಾರದ ವಿಮೆ ನಡೆಯುತ್ತದೆ. ರೇಷನ್ ಕಾರ್ಡು ಇದೆಯಲ್ಲ? ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ" ಎಂದು ಚೀಟಿ ಬರೆದುಕೊಟ್ಟರು.

ನಮ್ಮದು ಕೇಸರಿ ಬಣ್ಣದ ಕಾರ್ಡು, ನನ್ನ ಹೆಸರಿನಲ್ಲಿ. ಆದರೆ ಅದನ್ನು ನಾನು ಯಾವತ್ತೂ ಗ್ಯಾಸಿಗೆ, ಲೈಟಿಗೆ ವಿಳಾಸ ತೋರಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಎರಡು ವರ್ಷದ ಹಿಂದೆ ಅಂಧೇರಿಯ ನಮ್ಮ ಚಾಳಿಗೆ ಇಬ್ಬರು ಹೆಂಗಸರು ಬಂದು, ಇದೇ ವಿಮೆಗೆ ಮನೆಯವರೆಲ್ಲರ ಹೆಸರು ಬರೆಸಿ ಎಂದಾಗ, "ನಾನು ದುಡಿದು ತಿನ್ನುವವನು, ನಮಗೆ ಬೇಡ, ಬೇಕಾದವರಿಗೆ ಕೊಡಿ" ಎಂದು ಬಾಗಿಲಲ್ಲೇ ಕಳಿಸಿದ್ದೆ. ಆಸ್ಪತ್ರೆಯಿಂದ ಬಂದ ದಿನ ಹೆಂಡತಿ ಟ್ರಂಕಿನಿಂದ ಕಾರ್ಡು ತೆಗೆದು ನನ್ನ ಮುಂದೆ ಇಟ್ಟಳು.

"ಆ ಬಾಯಿಗೋಳು ಬಂದಾಗ ಏನಂದಿದ್ರಿ, ನೆನಪೈತೇನ್ರಿ?"

"ಐತಿ."

"ಐತಿ ಅಂದ್ರ ಸಾಕು. ನಾ ಮತ್ತ ಹೇಳೂದಿಲ್ಲ."

ಹೇಳದೆಯೇ ಹೇಳುವುದರಲ್ಲಿ ಅವಳು ಗಟ್ಟಿಗಿತ್ತಿ.

ಟ್ರಸ್ಟ್ ಆಸ್ಪತ್ರೆಯ ಕೆಳಮಾಳಿಗೆಯಲ್ಲಿ, ಎಕ್ಸರೇ ಕೋಣೆಯ ಪಕ್ಕ ವಿಮೆಯ ಕೌಂಟರ್ ಇತ್ತು. ಅಲ್ಲಿ ಕೂರುವವರನ್ನು ಆರೋಗ್ಯಮಿತ್ರ ಎನ್ನುತ್ತಾರೆ. ಅಲ್ಲಿದ್ದದ್ದು ಮರಾಠಿ ಹೆಣ್ಣುಮಗಳು, ಮೂವತ್ತರೊಳಗಿನ ವಯಸ್ಸು. ಸಾಲು ಎಷ್ಟೇ ಉದ್ದ ಇರಲಿ, ಗಂಡಸರನ್ನು "ದಾದಾ", ಹೆಂಗಸರನ್ನು "ತಾಈ", ಅಂದರೆ ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದಳು. ಅವಳು ಆಡಿದ್ದು ಮರಾಠಿ, ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ದಾದಾ, ಕಾರ್ಡಿನಲ್ಲಿ ನಿಮ್ಮದು, ನಿಮ್ಮ ಹೆಂಡತಿಯದು ಎರಡೇ ಹೆಸರಿದೆ. ಹುಡುಗಿಯದು?"

"ಆಕೆಯ ಜನನ ಪತ್ರ ಇದೆ. ಇದೇ ಮುಂಬಯಿಯಲ್ಲಿ ಹುಟ್ಟಿದ್ದು."

"ಕೈಕೂಸಾಗಿದ್ದರೆ ಅದರ ಮೇಲೆಯೇ ನಡೆಯುತ್ತಿತ್ತು. ಆರು ವರ್ಷದವಳಿಗೆ ಕಾರ್ಡಿನಲ್ಲಿ ಹೆಸರು ಬೇಕು. ಆಧಾರ್ ಕೊಡಿ, ನೋಡೋಣ." ನಂಬರು ಒತ್ತಿದಳು, ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಈಕೆ ಕರ್ನಾಟಕದ ಕಾರ್ಡಿನಲ್ಲಿ ಇದ್ದಾಳಲ್ಲ? ಅಲ್ಲಿ ಹೆಸರಿರುವ ತನಕ ಇಲ್ಲಿ ಸೇರಿಸಲು ಆಗುವುದಿಲ್ಲ."

ನನಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೂ ಮರೆತಿದ್ದೆ.

ನಮ್ಮ ವಿಜಯಪುರ ಜಿಲ್ಲೆಯಿಂದ ಇಲ್ಲಿಗೆ ದುಡಿಯಲು ಬಂದವರಲ್ಲಿ ಇದು ಮನೆಮನೆಯ ಕಥೆ. ಗಂಡ ಹೆಂಡತಿಯ ಹೆಸರು ಮುಂಬಯಿಯ ಕಾರ್ಡಿನಲ್ಲಿ, ಮಕ್ಕಳ ಹೆಸರು ಊರಿನ ಕಾರ್ಡಿನಲ್ಲಿ. ಊರಲ್ಲಿ ತಲೆಗೆ ಇಷ್ಟು ಎಂದು ಅಕ್ಕಿ ಬರುತ್ತದೆ, ಅದು ಊರ ಮನೆಗೆ ಆಗುತ್ತದೆ. ಅಕ್ಕಿ ಹೇಳಿಕೊಳ್ಳುವ ಕಾರಣ ಅಷ್ಟೆ. ಹೇಳಿಕೊಳ್ಳದ ಕಾರಣ ಬೇರೆ ಇದೆ. ಕಾರ್ಡಿನಿಂದ ಹೆಸರು ತೆಗೆಸುವುದೆಂದರೆ ನಮ್ಮಲ್ಲಿ ಮನೆ ಒಡೆದಂತೆ. ನಾನು ನನ್ನ ಹೆಸರು ತೆಗೆಸಿ ಇಲ್ಲಿಗೆ ತಂದಾಗ ಅಣ್ಣ ಎರಡು ದಿನ ಊಟಕ್ಕೆ ನನ್ನ ಪಕ್ಕ ಕೂತಿರಲಿಲ್ಲ. ಮಗಳು ಹುಟ್ಟಿದಾಗ ಅವನು ಒಂದೇ ಮಾತು ಕೇಳಿದ್ದ: "ಕೂಸಿನ ಹೆಸರಾರ ನಮ್ಮಲ್ಲಿ ಇರಲಿ." ನಾನು ಹೂಂ ಎಂದಿದ್ದೆ. ಆರು ತಿಂಗಳ ಕೂಸನ್ನು ಊರಿಗೆ ಒಯ್ದು ಆಧಾರ್ ಮಾಡಿಸಿ, ಕಾರ್ಡಿಗೆ ಸೇರಿಸಿ ಬಂದಿದ್ದೆ. ಅದು ನಾನು ಕೊಟ್ಟ ಮಾತು.

ಫೋನಿನಲ್ಲಿ ಅಣ್ಣನಿಗೆ ವಿಷಯ ಹೇಳಿದೆ. "ಇಲ್ಲೇ ಕರಕೊಂಡ ಬಾ. ಕಾರ್ಡ್ ಇಲ್ಲೇ ಐತಿ, ಡಾಕ್ಟರೂ ಅದಾರ" ಎಂದ. ತಪ್ಪು ಮಾತಲ್ಲ. ನಾನೂ ಒಂದು ದಿನ ಪೂರ್ತಿ ಅದನ್ನೇ ಯೋಚಿಸಿದೆ. ಆದರೆ ಅಲ್ಲಿ ತಾಲೂಕಿನ ಆಸ್ಪತ್ರೆಯ ಚೀಟಿಯಿಂದಲೇ ಎಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕು. ಆಪರೇಷನ್ ಮಾಡಿ ಒಳಗೆ ಒಂದು ಸಣ್ಣ ನಳಿಗೆ ಇಡುತ್ತಾರೆ, ಆರು ವಾರಕ್ಕೆ ಅದನ್ನು ತೆಗೆಯಬೇಕು, ಆಮೇಲೆ ಎರಡು ವರ್ಷ ಮೂರು ಮೂರು ತಿಂಗಳಿಗೆ ತಪಾಸಣೆ. ಪ್ರತಿ ಸಲ ಮುಂಬಯಿಯಿಂದ ಅಲ್ಲಿಗೆ? ಹೆಂಡತಿ ಮೂರು ಮನೆಯ ಅಡಿಗೆ ಮಾಡುತ್ತಾಳೆ, ಮಗಳಿಗೆ ಶಾಲೆ. ಕಡೆಗೆ ಇನ್ನೊಂದು ಮಾತು ಮನಸ್ಸಿಗೆ ಬಂತು. ಈ ಊರಿನ ಎಷ್ಟು ಮನೆಗಳ ನೆಲ ನಾನು ಹಾಕಿಲ್ಲ? ನನ್ನ ಮಗಳು ಇಲ್ಲಿ ಹುಟ್ಟಿದವಳು. ಇಲ್ಲಿಯ ಹಕ್ಕು ಇಲ್ಲಿಯೇ ಸಿಗಬೇಕು.

ರೇಷನ್ ಆಫೀಸಿನ ಹೊರಗೆ ಛತ್ರಿಯ ಕೆಳಗೆ ಕೂರುವ ಏಜೆಂಟನೊಬ್ಬ, ಹಳೆಯ ಹೆಸರು ತೆಗೆಸದೆಯೇ ಹೊಸ ಕಾಗದ ಮಾಡಿಸಿಕೊಡುತ್ತೇನೆ ಎಂದ. ಲಾದಿ ಕೆಲಸದಲ್ಲಿ ಮೊದಲು ದಾರ ಕಟ್ಟುತ್ತೇವೆ, ದಾರಕ್ಕೆ ಸರಿಯಾಗಿ ಮೊದಲ ಲಾದಿ. ಅದು ಒಂದು ನೂಲಿನಷ್ಟು ತಪ್ಪಿದರೆ ಆ ಗೋಡೆ ಮುಟ್ಟುವ ಹೊತ್ತಿಗೆ ಒಂದು ಬೆರಳು ತಪ್ಪಿರುತ್ತದೆ. ಆಗ ಕೊನೆಯಲ್ಲಿ ತುಂಡು ಕತ್ತರಿಸಿ ಮುಚ್ಚುವವರಿದ್ದಾರೆ, ನಾನಲ್ಲ. ನಾನು ಮೊದಲ ಲಾದಿ ಕೀಳುತ್ತೇನೆ. ಅವನಿಗೆ ಬೇಡ ಎಂದು, ಆ ವಾರವೇ ಊರಿಗೆ ಹೋಗಲು ಸೊಲ್ಲಾಪುರದ ರೈಲು ಹತ್ತಿದೆ.

ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಚೀಲ ಕೆಳಗಿಡುವ ಮೊದಲೇ ಶುರುಮಾಡಿದ.

"ಆಗೊಮ್ಮೆ ಬಂದು ನಿನ್ನ ಹೆಸರು ತಗಸಿದಿ. ಈ ಸಲ ಮಗಳದು. ಮುಂದಿನ ಸಲ ಏನ್ ತಗಸ್ತಿ, ಗ್ವಾಡಿಮ್ಯಾಲಿನ ಅವ್ವನ ಫೋಟೋನ?"

"ಅಣ್ಣಾ, ಹಂಗ ಅನಬ್ಯಾಡ. ಕೂಸಿಂದು ಜೀವದ ಪ್ರಶ್ನೆ ಐತಿ."

"ಜೀವದ ಪ್ರಶ್ನೆ ಅಂತನ ಇಲ್ಲಿ ಕರಕೊಂಡ ಬಾ ಅಂದೆ. ಬರಲಿಲ್ಲ. ಕಾರ್ಡಿಗೆ ಮಾತ್ರ ಓಡಿ ಬಂದಿ."

"ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಸಬೇಕು. ಅದಕ್ಕ..."

"ನಿನಗ ಮಾತು ಕಲಸಿದ್ದು ಮುಂಬೈ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ವೈನಿ, ಅಂದರೆ ನನ್ನ ಅತ್ತಿಗೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕಾರ್ಡ್ ಯಾರ ಹೆಸರ್ಲೆ ಐತ್ರಿ?"

ಊರಿನ ಕಾರ್ಡು ಮನೆಯ ಹಿರಿಯ ಹೆಣ್ಣಿನ ಹೆಸರಿನಲ್ಲಿರುತ್ತದೆ. ಅವ್ವ ಹೋದ ಮೇಲೆ ಅದು ವೈನಿಯ ಹೆಸರಿಗೆ ಬಂದಿತ್ತು.

"ನನ್ನ ಹೆಸರ್ಲೆ ಐತಿ. ಮತ್ತ ನನ್ನ ಕೇಳದನ ನೀವಿಬ್ಬರೂ ಯಾಕ ಜಗಳಾಡಾಕತ್ತೀರಿ?" ಅಣ್ಣನ ಕಡೆ ತಿರುಗಿದಳು. "ಹೆಸರು ಆ ಕಾಗದದಾಗ ಇರ್ತದೇನ್ರಿ? ಆಕಿ ಬಂದಾಗೆಲ್ಲಾ ನನ್ನ ತೊಡಿಮ್ಯಾಲೆ ಕುಂತು ಉಣತಾಳಲ್ಲ, ಅಲ್ಲಿ ಇರ್ತದ. ತಮ್ಮಾ, ಕೈ ತೊಳಕೊಂಡು ಬರ್ತೀನಿ. ನಡಿ ಹೋಗೂಣು."

ಹೋಬಳಿಯ ಸೇವಾ ಕೇಂದ್ರದಲ್ಲಿ ಹೆಸರು ತೆಗೆಯಲು ಮಷಿನ್ ಮೇಲೆ ವೈನಿಯ ಹೆಬ್ಬೆಟ್ಟು ಬೇಕಿತ್ತು. ಮೊದಲ ಸಲ ಬರಲಿಲ್ಲ, ಎರಡನೆಯ ಸಲವೂ ಬರಲಿಲ್ಲ. "ರೊಟ್ಟಿ ಬಡದು ಬಡದು ಗೆರಿ ಎಲ್ಲಾ ಹಂಚಿಗೆ ಹತ್ಯಾವೋ ಏನೋ" ಎಂದು ನಗುತ್ತಾ, ಸೆರಗಿಗೆ ಬೆರಳು ಒರೆಸಿ ಮೂರನೆಯ ಸಲ ಒತ್ತಿದಳು. ಹಸಿರು ಗುರುತು ಬಂತು. ಆವತ್ತು ನಾನೂ ನಕ್ಕೆ. ಆ ನಗು ನನಗೆ ಮುಂಬಯಿಯಲ್ಲಿ ಅಡ್ಡ ಬರುತ್ತದೆ ಎಂದು ಗೊತ್ತಿರಲಿಲ್ಲ.

ಮೂರು ದಿನಕ್ಕೆ ಪತ್ರ ಕೈಗೆ ಬಂತು. ಬಸ್ ನಿಲ್ದಾಣಕ್ಕೆ ಅಣ್ಣ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಕೈಯಲ್ಲಿ ಒಂದು ಗಂಟು.

"ಆಕಿ ಹೆಸರ್ಲೆ ಬಂದ ಕಡೀ ಅಕ್ಕಿ, ಈ ತಿಂಗಳದ್ದು. ಆಕೀಗೇ ಉಣಸು" ಎಂದು ಹೇಳಿ, ಬಸ್ಸು ಹೊರಡುವುದನ್ನು ಕಾಯದೆ ಹೋದ.

ಮುಂಬಯಿಯ ರೇಷನ್ ಆಫೀಸಿನ ಗುಮಾಸ್ತರು ಪತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಇದೇನು ಜಿಲೇಬಿ ಬರೆದಿದ್ದಾರೆ, ನನಗೇನು ಗೊತ್ತಾಗಬೇಕು?" ಎಂದರು. ಪತ್ರ ಪೂರ್ತಿ ಕನ್ನಡದಲ್ಲಿತ್ತು. ಸಿಟ್ಟು ಬಂತು, ನುಂಗಿದೆ. ಮರಾಠಿಗೆ ತಂದು ನೋಟರಿ ಮಾಡಿಸಿ ಕೊಡಿ ಎಂದರು. ಕನ್ನಡವೂ ಬರುವ, ನೋಟರಿಯೂ ಆಗಿರುವ ವಕೀಲರು ಗ್ರಾಂಟ್ ರೋಡಿನಲ್ಲಿ ಇದ್ದಾರೆಂದು ನಾನು ಹಿಂದೊಮ್ಮೆ ನೆಲ ಹಾಕಿಕೊಟ್ಟಿದ್ದ ಉಡುಪಿ ಹೋಟೆಲಿನವರು ಹೇಳಿದರು. ವಕೀಲರು ಕರಾವಳಿಯವರು. ಪತ್ರ ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಎಂತ ಮಾರಾಯ್ರೆ, ಒಂದು ಸಣ್ಣ ಮಗುವಿನ ಹೆಸರು ತೆಗೀಲಿಕ್ಕೆ ಇಷ್ಟು ಸೀಲಾ? ನಮ್ಮಲ್ಲಿ ಜಾಗ ಪಾಲು ಮಾಡ್ಲಿಕ್ಕೂ ಇಷ್ಟು ಇಲ್ಲ."

"ನಮ್ಮ ಕಡೆ ಇದೂ ಪಾಲೇ, ಸಾಹೇಬರೆ" ಎಂದೆ. ಅವರು ನನ್ನನ್ನು ಅಲ್ಲಿಯೇ ಕೂರಿಸಿ, ಒಂದು ಗಂಟೆಯಲ್ಲಿ ಬರೆದು ಸಹಿ ಹಾಕಿಕೊಟ್ಟರು.

ಗುಮಾಸ್ತರು ಅದನ್ನು ಒಪ್ಪಿಕೊಂಡರು. ಅರ್ಜಿ, ಜನನ ಪತ್ರ, ಶಾಲೆಯ ಪತ್ರ, ಮೂವರ ಆಧಾರ್, ಲೈಟ್ ಬಿಲ್ಲು. ಎಲ್ಲ ಜೋಡಿಸಿ ಟಾಚಣಿ ಚುಚ್ಚಿ ರಸೀದಿ ಕೊಟ್ಟರು. ಎಂಟು ದಿನ ಬಿಟ್ಟು ಹೋದಾಗ, "ಹೆಸರು ಏರಿದೆ. ಆದರೆ ಕಾರ್ಡಿನ ಮುಖ್ಯಸ್ಥನ ಕೆವೈಸಿ ಆಗಿಲ್ಲ. ರೇಷನ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿ. ಒತ್ತಿದರೆ ಸಂಜೆಯೊಳಗೆ ಪಾಸ್" ಎಂದರು. ನಾನು ಗೆದ್ದೆ ಎಂದುಕೊಂಡೆ.

ರೇಷನ್ ಅಂಗಡಿಯವರು ಗುಜರಾತಿ, ವಯಸ್ಸಾದವರು. ಮಷಿನ್ ಮುಂದಿಟ್ಟರು. ಬಲ ಹೆಬ್ಬೆರಳು ಇಟ್ಟೆ. ಕೆಂಪು. ಎಡ ಹೆಬ್ಬೆರಳು. ಕೆಂಪು. ಒಂದೊಂದಾಗಿ ಹತ್ತೂ ಬೆರಳು ಇಟ್ಟೆ. ಹತ್ತೂ ಕೆಂಪು. ಹಿಂದೆ ನಿಂತವರು ಗೊಣಗಲು ಶುರುಮಾಡಿದರು. ಅಂಗಡಿಯವರು ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಸಿಮೆಂಟಾ?" ಎಂದರು.

ಸಿಮೆಂಟು. ಇಪ್ಪತ್ತೆರಡು ವರ್ಷದ ಸಿಮೆಂಟು. ಸಂದಿಗೆ ತುಂಬುವ ಪುಡಿಯನ್ನು ಬೆರಳಿನಿಂದಲೇ ತೀಡಿ ಒರೆಸುತ್ತೇನೆ. ಗ್ಲೌಸ್ ಹಾಕಿಕೊಂಡರೆ ಲಾದಿಯ ಅಂಚು ಎದ್ದಿದೆಯೋ ಇಳಿದಿದೆಯೋ ಬೆರಳಿಗೆ ಗೊತ್ತಾಗುವುದಿಲ್ಲ. ಗ್ಲೌಸ್ ಹಾಕುವವರನ್ನು ಕಂಡರೆ "ಏನ್ ಡಾಕ್ಟರೇ, ಆಪರೇಷನ್ ಎಷ್ಟು ಗಂಟೆಗೆ?" ಎಂದು ಚೇಷ್ಟೆ ಮಾಡುತ್ತಿದ್ದವನು ನಾನು. ಕಣ್ಣು ಮುಚ್ಚಿ ಬೆರಳಾಡಿಸಿ ಕಾಗದದಷ್ಟು ವ್ಯತ್ಯಾಸ ಹೇಳುವ ಆ ಬೆರಳುಗಳ ಮೇಲೆ ಈಗ ಒಂದು ಗೆರೆಯೂ ಇರಲಿಲ್ಲ, ಪಾಲಿಶ್ ಹಾಕಿದ ಕಲ್ಲಿನ ಹಾಗೆ.

ಬೇರೆ ದಾರಿ ಹುಡುಕಿದೆ. ಫೋನಿಗೆ ಓಟಿಪಿ ನಂಬರು ಬರುವ ದಾರಿ ಇತ್ತು. ಆದರೆ ಆಧಾರಿಗೆ ಕೊಟ್ಟಿದ್ದು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಳೆದುಹೋದ ಹಳೆಯ ಫೋನಿನ ನಂಬರು. ಹೊಸ ನಂಬರು ಕೊಡಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲಿಯೂ ಬೆರಳೇ ಕೇಳಿದರು. ಅಲ್ಲಿದ್ದ ಕಣ್ಣಿನ ಯಂತ್ರ ಕೆಟ್ಟಿತ್ತು. ಮುಖ ತೋರಿಸಿ ಮಾಡುವ ಪದ್ಧತಿ ನಮ್ಮ ಅಂಗಡಿಗೆ ಇನ್ನೂ ಬಂದಿರಲಿಲ್ಲ. ಕಾರ್ಡನ್ನು ಹೆಂಡತಿಯ ಹೆಸರಿಗೆ ಮಾಡಿಕೊಡಿ ಎಂದು ಗುಮಾಸ್ತರಿಗೆ ಕೈಮುಗಿದೆ.

"ಮಾಡೋಣ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು."

"ಕೊಟ್ಟೆನಲ್ಲ."

"ಬಾಯಿಮಾತಲ್ಲ. ಹೆಬ್ಬೆಟ್ಟು."

ಮತ್ತೆ ಅಂಗಡಿಗೆ ಬಂದೆ. ಗುಜರಾತಿ ಮುದುಕರು ಗಿರಾಕಿಗಳು ಕಡಿಮೆಯಾಗುವವರೆಗೆ ನನ್ನನ್ನು ನಿಲ್ಲಿಸಿಕೊಂಡರು. "ಕೇಳು. ಮೀನು ಮಾರುವ ಹೆಂಗಸರದೂ ಹೀಗೇ ಆಗುತ್ತದೆ, ಬಟ್ಟೆ ಒಗೆಯುವವರದೂ. ಗೆರೆ ಸತ್ತಿಲ್ಲ, ಸವೆದಿದೆ. ಕೆಲಸ ಬಿಡು. ನೀರು ಮುಟ್ಟಬೇಡ, ಸಿಮೆಂಟು ಮುಟ್ಟಬೇಡ. ಎಣ್ಣೆ ಹಚ್ಚು. ಹದಿನೈದು ದಿನದಲ್ಲಿ ಬರುತ್ತದೆ. ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ."

ದಸರಾ ಹತ್ತಿರ ಬಂದಿತ್ತು. ಅಂಧೇರಿ ಪಶ್ಚಿಮದ ಎತ್ತರದ ಬಿಲ್ಡಿಂಗೊಂದರಲ್ಲಿ ನನ್ನ ಕೆಲಸ ನಡೆದಿತ್ತು. ಗೋಡೆಯಿಂದ ಗೋಡೆಗೆ ದೊಡ್ಡ ದೊಡ್ಡ ಲಾದಿ, ಒಂದರ ಗೀರು ಇನ್ನೊಂದರ ಗೀರಿಗೆ ಕೂಡಬೇಕು. ಅಂಥದ್ದಕ್ಕೆ ಕಾಂಟ್ರಾಕ್ಟರ್ ನನ್ನನ್ನೇ ಕರೆಸುತ್ತಾರೆ. ಹಾಲ್ ಅರ್ಧ ಮುಗಿದಿತ್ತು. ದಸರೆಯ ದಿನ ಆ ಮನೆಯವರ ಗೃಹಪ್ರವೇಶ. ಇಷ್ಟು ವರ್ಷದಲ್ಲಿ ನಾನು ಅರ್ಧಕ್ಕೆ ಬಿಟ್ಟ ನೆಲ ಒಂದೂ ಇರಲಿಲ್ಲ. ಜ್ವರ ಬಂದಾಗಲೂ ಗುಳಿಗೆ ನುಂಗಿ ಕೂತು ಮುಗಿಸಿದ್ದೇನೆ. ದಸರಾ ಮುಗಿಸಿ ಕೈ ಬಿಟ್ಟರೆ, ಹದಿನೈದು ದಿನಕ್ಕೆ ದೀಪಾವಳಿಯೇ ಬಾಗಿಲಲ್ಲಿ ಇರುತ್ತಿತ್ತು. ಆಮೇಲೆ ಆಸ್ಪತ್ರೆಯ ಮಂಜೂರಾತಿ ಬೇರೆ.

ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಹಾಲ್‌ನ ನಡುವೆ ಕೂತಿದ್ದೆ. ದಾರ ಕಟ್ಟಿದ್ದು ಹಾಗೆಯೇ ಇತ್ತು. ಕೈಯನ್ನು ನೋಡಿಕೊಂಡೆ. ಈ ನೆಲ ಯಾರು ಬೇಕಾದರೂ ಹಾಕಬಹುದು, ನನ್ನಷ್ಟು ಚೆಂದ ಅಲ್ಲದಿದ್ದರೂ. ಆ ಮಷಿನ್ ಮೇಲೆ ಇಡುವ ಬೆರಳು ಮಾತ್ರ ನನ್ನದೇ ಆಗಬೇಕು. ಎದ್ದು ಕರಣಿ, ಲೆವೆಲ್ ಪೈಪು, ಮೂಲೆ ಅಳೆಯುವ ಗುನಿಯಾ ಎಲ್ಲ ತೊಳೆದು ಚೀಲಕ್ಕೆ ಹಾಕಿದೆ. ತೊಳೆಯುವಾಗ, ಇದೇ ಕೊನೆಯ ನೀರು ಎಂದುಕೊಂಡೆ.

ಕಾಂಟ್ರಾಕ್ಟರ್ ಕೆಳಗೆ ಗೇಟಿನ ಬಳಿ ಸಿಕ್ಕರು. ವಿಷಯ ಹೇಳಿದೆ. ಅವರಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

"ಉಸ್ತಾದ್, ಬೆರಳು ಬೆಳೆಸಲು ರಜೆ? ನನ್ನ ಇಷ್ಟು ವರ್ಷದಲ್ಲಿ ಇಂಥ ರಜೆ ಕೇಳಿಲ್ಲ. ದಸರಾ ಆಗಲಿ, ಒಂದು ತಿಂಗಳು ಕೂತು ಬೆಳೆಸಿಕೊಳ್ಳಿ."

"ದಸರಾ ಆಗುವ ತನಕ ಅವಳ ಕಿಡ್ನಿ ಕಾಯುವುದಿಲ್ಲ, ಸೇಠ್."

"ಅರ್ಧ ಬಿಟ್ಟು ಹೋದರೆ ಮುಂದಿನ ಸೈಟಿಗೆ ನಿಮ್ಮನ್ನು ಕರೆಯುವುದು ಕಷ್ಟ. ನೋಡಿಕೊಳ್ಳಿ."

"ನೋಡಿಕೊಂಡೇ ಹೇಳುತ್ತಿದ್ದೇನೆ."

ಅವತ್ತಿನಿಂದ ಮನೆಯಲ್ಲಿ ನನ್ನ ರಾಜ್ಯಭಾರ ಶುರುವಾಯಿತು. ಹೆಂಡತಿ ನನಗೆ ಒಂದು ಲೋಟವನ್ನೂ ತೊಳೆಯಲು ಬಿಡಲಿಲ್ಲ. ಸ್ನಾನಕ್ಕೆ ಹೋಗುವಾಗ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದಳು. ಊಟಕ್ಕೆ ಚಮಚ. ಚಾಳಿನ ನಲ್ಲಿಯ ಹತ್ತಿರ ಹೆಂಗಸರು, "ಏನ್ ಅಕ್ಕಾ, ನಿಮ್ಮ ಮನೆಯವರು ನೀರಿಗೆ ಬರೋದೇ ಇಲ್ಲ?" ಎಂದು ಕೇಳಿದರೆ ಅವಳು ಸುಮ್ಮನಿರುವವಳಲ್ಲ.

"ಮದುಮಗಳ ಕೈಗೆ ಮೆಹಂದಿ ಹಚ್ಚೀವ್ರಿ. ತೊಯ್ಯಬಾರದು."

ನಾನು ಕೇಳಿಸದವನ ಹಾಗೆ ಕೂತಿರುತ್ತಿದ್ದೆ. ದುಡಿಯುವ ಗಂಡಸಿಗೆ ಹಗಲು ಮನೆಯಲ್ಲಿ ಕೂರುವುದಕ್ಕಿಂತ ಗಟ್ಟಿ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೊಬ್ಬರಿ ಎಣ್ಣೆ. ಶಾಲೆಯಿಂದ ಬಂದ ಕೂಡಲೇ ಮಗಳು ಚೀಲ ಬಿಸಾಕಿ ನನ್ನ ಬಲಗೈ ಹಿಡಿದು ಬಾಗಿಲ ಬೆಳಕಿಗೆ ಎಳೆಯುತ್ತಿದ್ದಳು. ಅವಳದು ಅರ್ಧ ಹಿಂದಿ, ಅರ್ಧ ಕನ್ನಡ.

"ಪಪ್ಪಾ, ಅಭೀ ತಕ್ ಪ್ಲೇನ್ ಐತಿ."

ಆರನೆಯ ದಿನ: "ಪಪ್ಪಾ, ಏಕ್ ಗೆರಿ ಬಂತು! ಸಣ್ಣದು. ಬೇಬಿ ಗೆರಿ."

ಅವಳ ಬೆರಳಿನ ಗುರುತನ್ನು ಐದು ತುಂಬಿದ ಮೇಲೆ ಆಧಾರ್ ಕೇಂದ್ರದಲ್ಲಿ ತೆಗೆದುಕೊಂಡಿದ್ದರು. ಒಂದೇ ಸಲಕ್ಕೆ ಬಂದಿತ್ತು. ಅದನ್ನು ಅವಳು ದಿನಕ್ಕೊಮ್ಮೆ ನೆನಪಿಸುತ್ತಿದ್ದಳು. ಹೀಗೆ ನಗುತ್ತಿದ್ದವಳು ಒಂಬತ್ತನೆಯ ದಿನ ಹೊಟ್ಟೆ ಹಿಡಿದು ಮಲಗಿದಳು, ಮೈ ಸುಡುತ್ತಿತ್ತು. ಡಾಕ್ಟರರು ಸೋಂಕು ಎಂದು ಔಷಧಿ ಕೊಟ್ಟರು. ವಿಮೆಯ ಕಾಗದ ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಕೈ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸಿದಾಗ ಅವರು ನನ್ನ ಬೆರಳು ಹಿಡಿದು ನೋಡಿ, "ಬೇಗ ಬೆಳೆಯಲಿ" ಎಂದರು. ಅಂಥ ದೊಡ್ಡ ಡಾಕ್ಟರರ ಬಾಯಿಂದ ಆ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹತ್ತನೆಯ ದಿನದಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಕೆಂಪು. ಹನ್ನೊಂದು, ಕೆಂಪು. ಹನ್ನೆರಡು, ಕೆಂಪು. ಕಾಂಟ್ರಾಕ್ಟರ್ ಬೇರೆ ಕಾರೀಗರನನ್ನು ಹಚ್ಚಿ ದಸರೆಗೆ ಹಾಲ್ ಮುಗಿಸಿದ ಸುದ್ದಿ ಬಂತು. ಹದಿಮೂರನೆಯ ದಿನ ಮುದುಕರು ನನ್ನ ಬೆರಳನ್ನು ತಮ್ಮ ಧೋತಿಯ ಅಂಚಿನಿಂದ ಚೆನ್ನಾಗಿ ಒರೆಸಿ, ತಾವೇ ಹಿಡಿದು ಗಾಜಿನ ಮೇಲೆ ಇಟ್ಟು, ಮೇಲಿನಿಂದ ತಮ್ಮ ಬೆರಳಿನಿಂದ ಒತ್ತಿದರು. ಮಷಿನ್ ಸ್ವಲ್ಪ ಹೊತ್ತು ಸುತ್ತಿತು. ಹಸಿರು.

ಅವರು ಚೀಟಿ ಹರಿದು ಕೊಟ್ಟು, "ಹೋಗು, ಓಡು" ಎಂದರು.

ಸಂಜೆಯೊಳಗೆ ಕಾರ್ಡು ಪಾಸಾಯಿತು. ಅಂಧೇರಿಯಿಂದ ದಾದರ್, ದಾದರಿನಲ್ಲಿ ಗಾಡಿ ಬದಲಿಸಿ ಬೈಕುಲ್ಲಾ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ವಿಮೆಯ ಕೌಂಟರಿನಲ್ಲಿದ್ದೆ. ಆ ಹೆಣ್ಣುಮಗಳು ಆಧಾರ್ ನಂಬರು ಒತ್ತಿದಳು. ಮೂರು ಹೆಸರು ಬಂದವು, ಮೂರನೆಯದು ಮಗಳದು. ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಎರಡು ದಿನಕ್ಕೆ ತಿರುಗಿ ಪ್ರಶ್ನೆ ಬಂತು: ಸೋನೋಗ್ರಫಿ ಹಳೆಯದು, ಹೊಸದು ಬೇಕು. ಅವತ್ತೇ ಮಾಡಿಸಿದೆವು. ನಾಲ್ಕನೆಯ ದಿನ ಫೋನ್ ಬಂತು. "ದಾದಾ, ಮಂಜೂರಾಯಿತು. ಹುಡುಗಿಯನ್ನು ಕರೆತನ್ನಿ."

ದೀಪಾವಳಿಗೆ ಒಂಬತ್ತು ದಿನ ಇರುವಾಗ ಆಪರೇಷನ್ ಆಯಿತು. ಸಣ್ಣದಾಗಿದ್ದ ತುಂಡು ಕತ್ತರಿಸಿ ಮತ್ತೆ ಜೋಡಿಸಿದ್ದರು. ಡಾಕ್ಟರರು ಹೊರಗೆ ಬಂದು, "ಇಳಿಜಾರು ಈಗ ಸರಿ ಇದೆ" ಎಂದರು. ಆ ಮಾತು ನನಗಾಗಿ ಆರಿಸಿ ಹೇಳಿದ್ದೆಂದು ನನಗೆ ಗೊತ್ತು. ಮೂರನೆಯ ದಿನ ಅವಳಿಗೆ ಗಂಜಿ ಕೊಡಬಹುದು ಎಂದರು. ಹೆಂಡತಿ ಅಣ್ಣ ಕೊಟ್ಟ ಗಂಟನ್ನು ಅಲ್ಲಿಯವರೆಗೆ ಬಿಚ್ಚಿರಲಿಲ್ಲ. ಆ ಅಕ್ಕಿಯ ಗಂಜಿಯನ್ನೇ ಡಬ್ಬಿಯಲ್ಲಿ ತಂದಳು. ಅದನ್ನು ಉಣ್ಣುವ ಮಗಳನ್ನು ಫೋನಿನಲ್ಲಿ ಅಣ್ಣನಿಗೆ ತೋರಿಸಿದೆ. ಅವನು ಫೋನಿಗೆ ಮುಖ ಹತ್ತಿರ ತಂದು, "ಉಪ್ಪು ಹಾಕ್ಯಾರೇನು ಕೇಳು" ಎಂದ.

ಕಾಂಟ್ರಾಕ್ಟರ್ ಮುಂದಿನ ಎರಡು ಸೈಟಿಗೆ ಕರೆಯಲಿಲ್ಲ. ಮೂರನೆಯದಕ್ಕೆ ಕರೆದರು. ದಸರೆಗೆ ಮುಗಿದ ಆ ಹಾಲ್‌ನ ನೆಲವನ್ನು ಒಮ್ಮೆ ಹೋಗಿ ನೋಡಿಬಂದೆ. ನನ್ನ ಲಾದಿ ಎಲ್ಲಿ ನಿಂತಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ಎಂದು ನನ್ನ ಬೆರಳಿಗೆ ತಿಳಿಯುತ್ತದೆ. ಆ ಮನೆಯವರಿಗೆ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ.

ಆರು ವಾರಕ್ಕೆ ನಳಿಗೆ ತೆಗೆದರು. ಮೂರು ತಿಂಗಳಿಗೆ ಮೊದಲ ತಪಾಸಣೆ. ಸ್ಕ್ಯಾನ್ ನೋಡಿ, ಎಡಗಡೆಯ ಕಿಡ್ನಿಯ ಕೆಲಸ ಇನ್ನಷ್ಟು ಕುಗ್ಗಿಲ್ಲ, ಸ್ವಲ್ಪ ಹೆಚ್ಚಿದೆ ಎಂದರು ಡಾಕ್ಟರರು. ಕಾಗದ ಮುಗಿಸಲು ವಿಮೆಯ ಕೌಂಟರಿಗೆ ಹೋದೆ. ನನ್ನ ಬೆರಳಿನ ಕಥೆ ಗೊತ್ತಿದ್ದ ಆ ಹೆಣ್ಣುಮಗಳು ಮಷಿನ್ ಮುಂದೆ ತಳ್ಳಿ, "ಇದು ಬರುತ್ತದೋ ಇಲ್ಲವೋ, ಬೇರೆ ಕಾಗದ ತಂದಿದ್ದೀರಾ?" ಎಂದಳು. ನಾನು ಬಲ ಹೆಬ್ಬೆರಳು ಇಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು.

ಅವಳು ನನ್ನ ಬೆರಳು ನೋಡಿದಳು. ಮೆತ್ತಗೆ, ಎಣ್ಣೆ ಹಚ್ಚಿದ್ದು, ಗೆರೆ ಗೆರೆಯಾಗಿ. ಅವಳ ಮುಖ ಸಪ್ಪಗಾಯಿತು. "ದಾದಾ, ಕೆಲಸ ಬಿಟ್ಟುಬಿಟ್ಟಿರಾ?"

ಕೆಲಸದ ಹೊತ್ತು ಬಲ ಹೆಬ್ಬೆರಳಿಗೆ ತೊಡಲು ಗ್ಲೌಸಿನಿಂದ ಕತ್ತರಿಸಿಕೊಂಡ ತುಂಡನ್ನು ಜೇಬಿನಿಂದ ತೆಗೆದು ಅವಳ ಮೇಜಿನ ಮೇಲಿಟ್ಟೆ. ಅದರ ಮೇಲೆಲ್ಲ ಬಿಳಿ ಸಿಮೆಂಟು ಒಣಗಿತ್ತು. ಅದರ ಪಕ್ಕಕ್ಕೆ ನನ್ನ ಎಡಗೈಯನ್ನು ಚಾಚಿ ಇಟ್ಟೆ. ಐದೂ ಬೆರಳು ಸೀಳಿದ್ದವು, ಉಗುರಿನ ಸಂದಿಯಲ್ಲಿ ಹಿಂದಿನ ದಿನದ ಕೆಲಸ ಇನ್ನೂ ಇತ್ತು.